ದೂಜಣ್ಣನ ಟಾಕೊ ಉಪದೇಶ

ಹೋಟೆಲ್ ಕೆಲಸದಿಂದ ನಿವೃತ್ತರಾದ ಮುಂಬಯಿಯ ನಮ್ಮ ಪವಾಯಿ ಬಿಲ್ಡಿಂಗಿನ ದೂಜಣ್ಣ ಯಾರ ತಟ್ಟೆಯನ್ನೂ ಉಪದೇಶವಿಲ್ಲದೆ ದಾಟುವವರಲ್ಲ. ಗೇಟಿನೆದುರು, ರೊಟ್ಟಿಯೊಳಗೆ ಮಾಂಸ, ನೀರುಳ್ಳಿ ಇಟ್ಟು ಮಡಚಿ ಕೊಡುವ ಮೆಕ್ಸಿಕನ್ ಟಾಕೊ ಅಂಗಡಿ ತೆರೆದ ಮೇಲಂತೂ ಅವರ ಠಿಕಾಣಿ ಅಲ್ಲೇ. "ಮಾರಾಯ್ರೆ, ರೊಟ್ಟಿ ಮೆಕ್ಕೆಜೋಳದ್ದು, ನಾರಿನಂಶ ಉಂಟು. ಬೀಫ್ ಅಂದ್ರೆ ಇಲ್ಲಿ ಕೋಣದ್ದು. ಕೆಂಡದಲ್ಲಿ ಸುಟ್ಟದ್ದು, ಎಣ್ಣೆ ಇಲ್ಲ, ಪ್ರೋಟೀನ್ ಭರ್ತಿ, ಕಬ್ಬಿಣವೂ ಉಂಟು. ಮೇಲೆ ಸುರಿಯುವ ಕ್ರೀಮ್ ಮಾತ್ರ ವಿಷ!" ಎಂದು ಗಿರಾಕಿಗಳಿಗೆಲ್ಲ ಹೇಳುವರು. ಸ್ವತಃ ತಿನ್ನುವುದು ಗಂಜಿ, ಉಪ್ಪಿನಕಾಯಿ. ಅವರ ಹೆಂಡತಿ ಅಕ್ಕುವಿಗೆ ಆಪರೇಶನ್ ಆದಂದಿನಿಂದ ಊಟವೇ ಸೇರುತ್ತಿರಲಿಲ್ಲ. ಮೊನ್ನೆ, ಮೀನು ಕೋಳಿಗಳಾಚೆ ಬೇರೆ ಮಾಂಸ ಕಾಣದ ಆ ಮನೆಗೆ ದೂಜಣ್ಣ ಒಂದು ಬೀಫ್ ಟಾಕೊ ಒಯ್ದರು. ನಾನೂ ಜೊತೆಗಿದ್ದೆ. ಅಕ್ಕು ಅನುಮಾನದಿಂದಲೇ ಕಚ್ಚಿ, ಪೂರ್ತಿ ತಿಂದು ಮುಗಿಸಿ, "ಖಾರ ಸಾಲದು. ಇನ್ನೊಂದು ತನ್ನಿ" ಎಂದರು. ದೂಜಣ್ಣ ಪೋಷಕಾಂಶದ ಮಾತೆತ್ತಲಿಲ್ಲ. ಹೊರಗೆ ಬಂದು ಕಣ್ಣೊರೆಸಿಕೊಂಡು, "ನೀರುಳ್ಳಿ ಮಾರಾಯ್ರೆ, ಭಾರೀ ಖಾರ" ಎಂದರು.