ರತ್ನಾವತಿಯ ಗಂಡನನ್ನು ಹೂಳಿದ ಊರು

ಮುಂಬಯಿ ಹೊರವಲಯದ ಡೊಂಬಿವಲಿ ಪೂರ್ವದ ಒಂದು ಚಾಳಿನಲ್ಲಿ ರತ್ನಾವತಿ ಬ್ಲೌಸ್ ಹೊಲಿದು ಬದುಕಿದವಳು. ಗಂಡ ಧರ್ಮಪಾಲ ಕರಾವಳಿಯ ಕಾಪು ಕಡೆಯವನು. ಠಾಣೆ ಪಟ್ಟಣದ ಹೋಟೆಲುಗಳಲ್ಲಿ ಅಡುಗೆ ಮಾಡಿ, ಆಮೇಲೆ ಸರಕು ಹಡಗಿನ ಅಡುಗೆಯವನಾದ. ರಜೆಯಲ್ಲಿ ಮನೆಗೆ ಬಂದಾಗ ಕನ್ನಡ ಸಂಘದ ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡುತ್ತಿದ್ದ. ಆರಡಿ ಎತ್ತರದ ಆಳು ಸೀರೆಯುಟ್ಟು ರಂಗಕ್ಕೆ ಬಂದರೆ ಜನ ಮೊದಲು ನಗುತ್ತಿದ್ದರು. ಕುಣಿಯತೊಡಗಿದ ಮೇಲೆ ಯಾರೂ ನಗುತ್ತಿರಲಿಲ್ಲ.

2005ರ ಫೆಬ್ರವರಿಯಲ್ಲಿ ಹಡಗು ಇಟಲಿಯ ವೆನಿಸ್ ಬಂದರಿನಲ್ಲಿದ್ದಾಗ ಎದೆನೋವು ಬಂದು ಧರ್ಮಪಾಲ ತೀರಿಕೊಂಡ. ಅವನಿಗೆ ನಲವತ್ತೆರಡು, ಮಗಳು ರಮಿತಾಗೆ ಒಂಬತ್ತು.

ಹಡಗಿನ ಕಂಪನಿ ಅಷ್ಟರಲ್ಲಿ ದಿವಾಳಿಯಾಗಿತ್ತು. ಹಡಗು ಬಂದರಿನಲ್ಲೇ ನಿಂತುಬಿಟ್ಟಿತು, ಶವ ಅಲ್ಲಿಯ ಆಸ್ಪತ್ರೆಯಲ್ಲೇ ಉಳಿಯಿತು. ರತ್ನಾವತಿ ದಿನ ಬಿಟ್ಟು ದಿನ ಠಾಣೆಯಲ್ಲಿ ಲೋಕಲ್ ಗಾಡಿ ಬದಲಿಸಿ, ಹಡಗಿಗೆ ಜನ ಕಳಿಸುವ ನವಿ ಮುಂಬಯಿಯ ಏಜೆಂಟನ ಆಫೀಸಿಗೆ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದಳು. ಐದು ವಾರ ಕಳೆದ ಮೇಲೆ ಅವನು ಒಂದು ಕಾಗದ ಮುಂದಿಟ್ಟ.

"ತರಿಸಲಿಕ್ಕೆ ಇನ್ನೂ ಮೂರು ತಿಂಗಳು ಬೇಕು ಅಮ್ಮ. ಆಮೇಲೆ ಮುಖ ನೋಡುವ ಹಾಗೆ ಇರುವುದಿಲ್ಲ. ಅಲ್ಲೇ ಹೂಳಲಿ ಅಂತ ಸಹಿ ಹಾಕಿ," ಎಂದ ಹಿಂದಿಯಲ್ಲಿ.

"ಸುಡುವುದಿಲ್ಲವಾ?"

"ಸುಡಲಿಕ್ಕೆ ಬೇರೆ ಕಾಗದ ಆಗಬೇಕು. ಹೂಳುವುದಾದರೆ ನಾಳೆಯೇ ಆಗುತ್ತದೆ."

ಅವಳು ಸಹಿ ಹಾಕಿದಳು. ಯಾರೂ ಕೈ ಹಿಡಿದು ಹಾಕಿಸಲಿಲ್ಲ. ಬೂದಿಯಿಲ್ಲದೆ ಬೊಜ್ಜದ ಉತ್ತರಕ್ರಿಯೆ ಮಾಡಿದರು. ಆ ದಿನ ಅತ್ತೆ, "ನನ್ನ ಮಗನನ್ನು ದಿಕ್ಕಿಲ್ಲದ ಮಣ್ಣಿಗೆ ಹಾಕಿಸಿದೆಯಲ್ಲ ನೀನು," ಎಂದದ್ದೇ ಕೊನೆಯ ಮಾತು. ಐದು ವರ್ಷದ ಮೇಲೆ ಸಾಯುವವರೆಗೂ ಸೊಸೆಯೊಡನೆ ಅವಳು ಬಾಯಿ ಬಿಡಲಿಲ್ಲ.

ಮೇ ತಿಂಗಳಲ್ಲಿ ಅದೇ ಹಡಗಿನ ಕೆಲಸಗಾರ ಜಯಶೀಲ ಧರ್ಮಪಾಲನ ಬಟ್ಟೆಬರೆಯ ಪೆಟ್ಟಿಗೆ ಹಿಡಿದುಕೊಂಡು ಬಂದ. ರತ್ನಾವತಿ ಕೇಳಿದ್ದು ಒಂದೇ ಮಾತು. "ಅಲ್ಲಿಗೆ ಯಾರಾದರೂ ಬರ್ತಾರಾ ಜಯಶೀಲ? ಒಂದು ಹೂವು ಇಡುವವರು?"

ಜಯಶೀಲ ಪೆಟ್ಟಿಗೆಯನ್ನು ಗೋಡೆಯ ಬದಿಗೆ ಸರಿಸಿಟ್ಟು ಹೇಳಿದ. "ಬರ್ತಾರೆ ರತ್ನಕ್ಕ. ಆ ಊರಿನ ಸ್ಮಶಾನ ಅಂದ್ರೆ ಒಂದು ದ್ವೀಪ. ದೋಣಿಯಲ್ಲಿ ಹೋಗಬೇಕು. ದೊಡ್ಡ ದೊಡ್ಡ ಕಲಾವಿದರು ಅಲ್ಲಿದ್ದಾರೆ. ರಷ್ಯಾದ ಒಬ್ಬ ಸಂಗೀತಗಾರ ಇದ್ದಾನೆ, ನಾಟ್ಯದ ಮೇಳ ಕಟ್ಟಿದವನೊಬ್ಬ ಇದ್ದಾನೆ. ಕುಣಿಯುವ ಹೆಂಗಸರು ಬಂದು ಅವನ ಸಮಾಧಿ ಮೇಲೆ ತಮ್ಮ ಬೂಟು ಇಟ್ಟು ಹೋಗ್ತಾರೆ."

"ಸಮಾಧಿ ಮೇಲೆ ಬೂಟಾ?"

"ನಮಗೆ ಗೆಜ್ಜೆ ಇದ್ದ ಹಾಗೆ ಅವರಿಗೆ ಅದು. ಧರ್ಮಣ್ಣನೂ ಅಲ್ಲೇ ಇದ್ದಾರೆ."

ಆ ಕಲಾವಿದರ ನಡುವೆ ವೇಷ ಕಟ್ಟುತ್ತಿದ್ದ ತನ್ನ ಗಂಡನೂ ಮಲಗಿದ್ದಾನೆ ಎಂಬುದರಲ್ಲಿ ರತ್ನಾವತಿಗೆ ಸಮಾಧಾನ ಸಿಕ್ಕಿತು. ಸಹಿ ಹಾಕಿದ ಕೈಯ ಭಾರ ಪೂರ್ತಿ ಇಳಿಯಲಿಲ್ಲ, ಆದರೆ ಮಷೀನು ತುಳಿಯುವಷ್ಟು ಹಗುರವಾಯಿತು. ಅಳತೆ ಕೊಡಲು ಬಂದವರಿಗೆಲ್ಲ ಅವಳು ದ್ವೀಪದ ಕತೆ ಹೇಳುತ್ತಿದ್ದಳು.

2013ರಲ್ಲಿ ಚಾಳು ಕೆಡವಿದರು. ತಾಯಿ ಮಗಳು ಎರಡು ಸ್ಟೇಷನ್ ಆಚೆಯ ದಿವಾದಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದರು. 2016ರ ಜೂನಿನಲ್ಲಿ, ಹಳೇ ಚಾಳಿನ ಕಿರಾಣಿ ಅಂಗಡಿಯ ಮಾಪಣ್ಣ ಇಟಲಿಯಿಂದ ಬಂದ ಒಂದು ಲಕೋಟೆ ಹಿಡಿದುಕೊಂಡು ಹುಡುಕುತ್ತಾ ಬಂದ. ಎಂಟು ತಿಂಗಳಿಂದ ಅವನ ಅಂಗಡಿಯಲ್ಲೇ ಬಿದ್ದಿತ್ತಂತೆ. ನವಿ ಮುಂಬಯಿಯ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದ ರಮಿತಾ ಅದನ್ನು ಓದಿದಳು, ಮತ್ತೊಮ್ಮೆ ಓದಿದಳು.

"ಅಮ್ಮ, ಪಪ್ಪನ ಜಾಗದ ಅವಧಿ ಮುಗಿದಿದೆಯಂತೆ. ಹತ್ತು ವರ್ಷ ಮಾತ್ರ ಕೊಡ್ತಾರಂತೆ. ಮೊನ್ನೆಯ ಫೆಬ್ರವರಿ ಒಳಗೆ ಮನೆಯವರು ಬರೆಯದಿದ್ರೆ ಎಲುಬು ತೆಗೆದು ಬೇರೆ ಕಡೆ ಹಾಕ್ತಾರಂತೆ."

"ದ್ವೀಪದಿಂದ ತೆಗೀತಾರಾ?"

ರಮಿತಾ ಮೊಬೈಲಿನಲ್ಲಿ ಹುಡುಕಿದಳು. "ಯೇ ತೋ ದ್ವೀಪ ಹೈ ಹೀ ನಹೀ, ಅಮ್ಮ, ಇದು ದ್ವೀಪವೇ ಅಲ್ಲ. ಮಾರ್ಘೆರಾ ಅಂತ ಬರೆದಿದೆ. ಈಚೆ ದಡದ ಫ್ಯಾಕ್ಟರಿ ಏರಿಯಾ." ದ್ವೀಪದ ಸ್ಮಶಾನದ ಚಿತ್ರವನ್ನೂ ತೋರಿಸಿದಳು. ಸ್ಟ್ರಾವಿನ್ಸ್ಕಿ ಎಂಬ ಸಂಗೀತಗಾರನ ಹೆಸರು ಕೆತ್ತಿದ ಬಿಳಿ ಚಪ್ಪಡಿ, ಮೇಲೆ ಯಾರೋ ಇಟ್ಟ ಹೂವು. "ಇವರು 1971ರಿಂದ ಇದ್ದಾರೆ. ಇವರನ್ನು ಯಾರೂ ತೆಗೆಯಲ್ಲ."

"ಅವರು ದೊಡ್ಡವರು," ಎಂದಳು ರತ್ನಾವತಿ.

ರಮಿತಾ ಅದೇ ದಿನ ಕಾಗದದಲ್ಲಿದ್ದ ವಿಳಾಸಕ್ಕೆ ಮೇಲ್ ಬರೆದಳು. ಎಲುಬನ್ನಾದರೂ ಸುಟ್ಟು ಬೂದಿ ಕಳಿಸಲು ಸಾಧ್ಯವೇ ಎಂದು ಕೇಳಿದಳು. ಒಂಬತ್ತು ದಿನದ ಮೇಲೆ ಉತ್ತರ ಬಂತು. ಮಾರ್ಚಿನಲ್ಲೇ ಅಗೆದಾಗಿತ್ತು. ವಾರಸುದಾರರಿಲ್ಲದವರ ಎಲುಬುಗಳನ್ನೆಲ್ಲ ಒಂದೇ ಗುಂಡಿಯಲ್ಲಿ ಹಾಕುತ್ತಾರೆ, ಈಗ ಬೇರ್ಪಡಿಸಲು ಆಗುವುದಿಲ್ಲ, ಕ್ಷಮಿಸಿ.

ಆ ಭಾನುವಾರ ತಾಯಿ ಮಗಳು ಬದಲಾಪುರಕ್ಕೆ ಹೋದರು. ಜಯಶೀಲ ಹಡಗು ಬಿಟ್ಟು ಅಲ್ಲಿ ಮನೆ ಮಾಡಿದ್ದ. ಕಾಗದ ನೋಡಿದವನೇ ಕೂತಲ್ಲಿಯೇ ಕುಗ್ಗಿಹೋದ.

"ಯಾಕೆ ಸುಳ್ಳು ಹೇಳಿದೆ?" ರತ್ನಾವತಿಯ ದನಿ ಏರಲಿಲ್ಲ.

"ಹೂವು ಇಡುವವರು ಬರ್ತಾರಾ ಅಂತ ಕೇಳಿದಿರಲ್ಲ ರತ್ನಕ್ಕ. ಎಂತ ಹೇಳುವುದು? ಆ ದ್ವೀಪಕ್ಕೆ ನಾನು ಒಮ್ಮೆ ತಿರುಗಾಡಲಿಕ್ಕೆ ಹೋಗಿದ್ದೆ. ಅದೇ ಬಾಯಿಗೆ ಬಂತು."

"ನಿಜ ಹೇಳು. ಹೇಗೆ ಮಾಡಿದಿರಿ?"

ಅವನು ಹೇಳಿದ. ಚಿಮಣಿಗಳ ಹೊಗೆ. ಮಳೆ. ಹೂಳುವ ಇಬ್ಬರು ಆಳುಗಳು ಮತ್ತು ತಾನು, ಅಷ್ಟೇ ಜನ. ಭಟ್ಟರಿಲ್ಲ, ಮಂತ್ರ ಗೊತ್ತಿಲ್ಲ. ಹಡಗಿನ ಅಡುಗೆಮನೆಯಿಂದ ಜೇಬಿನಲ್ಲಿ ಒಂದು ಹಿಡಿ ಅಕ್ಕಿ ತಂದಿದ್ದ. ಶವದ ಪೆಟ್ಟಿಗೆ ಮುಚ್ಚಿಬಿಟ್ಟಿದ್ದರು, ಧರ್ಮಣ್ಣನ ಬಾಯಿಗೆ ಹಾಕಲು ಆಗಲಿಲ್ಲ. ಮುಚ್ಚಳದ ಮೇಲೆ ಹಾಕಿ ನಾರಾಯಣ, ನಾರಾಯಣ ಎಂದ. ಆಳುಗಳು ಅವನು ಮುಗಿಸುವವರೆಗೆ ಟೋಪಿ ತೆಗೆದು ನಿಂತಿದ್ದರು.

ರತ್ನಾವತಿ ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿದಳು. "ಅಕ್ಕಿ ಹಾಕಿದ್ದು ಯಾಕೆ ಹೇಳಲಿಲ್ಲ ನೀನು? ಅತ್ತೆ ಬದುಕಿದ್ದಳಲ್ಲ ಆಗ. ಅವಳಿಗೆ ಅಷ್ಟು ಸಾಕಿತ್ತು. ನನಗೂ ಸಾಕಿತ್ತು."

ಜಯಶೀಲ ಮುಖ ಮುಚ್ಚಿಕೊಂಡು ಅತ್ತ. ಅವನ ಹೆಂಡತಿ ತಂದಿಟ್ಟ ಚಹಾ ಯಾರೂ ಮುಟ್ಟಲಿಲ್ಲ.

ಸಂಜೆಯ ಗಾಡಿಯಲ್ಲಿ ಎಷ್ಟು ಜನ ತುಂಬಿದ್ದರೆಂದರೆ ದಿವಾ ಬಂದಾಗ ಇಳಿಯಲು ಆಗಲಿಲ್ಲ. ಮುಂದಿನ ಸ್ಟೇಷನ್ ಮುಂಬ್ರಾದಲ್ಲಿ ಜನರೇ ಅವರನ್ನು ಹೊರಕ್ಕೆ ತಳ್ಳಿದರು. ಪ್ಲಾಟ್‌ಫಾರಂ ಬೆಂಚಿನಲ್ಲಿ ಕೂತ ರತ್ನಾವತಿ, ಏಜೆಂಟನ ಆಫೀಸಿನಲ್ಲಿ ಅಳದವಳು, ಬೊಜ್ಜದ ದಿನವೂ ಅಳದವಳು, ಬಾಯಿ ತೆರೆದು ಅತ್ತಳು. ಜನ ತಿರುಗಿ ನೋಡಿಕೊಂಡು ಹೋದರು. ರಮಿತಾ ಒಂದು ಕೈಯಲ್ಲಿ ತಾಯಿಯ ಬೆನ್ನು ಹಿಡಿದುಕೊಂಡಿದ್ದಳು. ದಿವಾಕ್ಕೆ ವಾಪಸು ಹೋಗುವ ಮೂರು ಗಾಡಿ ಬಿಟ್ಟು ನಾಲ್ಕನೆಯದಕ್ಕೆ ಹತ್ತಿದರು.