ಎದುರಂಗಡಿ ಆಪಾ ಇಟ್ಟ ಕಿಟಕಿ

ಆಪಾ ಅವರ ಬಲಗೈಯ ಬೆರಳ ತುದಿಗಳು ಯಾವಾಗಲೂ ನೀಲಿಯಾಗಿರುತ್ತಿದ್ದವು. ಅದು ಶಾಯಿಯಲ್ಲ, ಟೈಲರ್‌ಗಳು ಬಟ್ಟೆಯ ಮೇಲೆ ಗೆರೆ ಎಳೆಯುವ ಚಪ್ಪಟೆ ಸೀಮೆಸುಣ್ಣದ ಬಣ್ಣ. ಕಪ್ಪು ಬುರ್ಖಾದ ಮೇಲೆ ಕತ್ತಿನಿಂದ ಇಳಿಬಿಟ್ಟ ಅಳತೆ ಟೇಪು, ಕೈಯಲ್ಲಿ ಸ್ಕ್ರೂಡ್ರೈವರ್. ಹೊಸ ಗಿರಾಕಿಗಳು ಬಾಗಿಲಲ್ಲೇ ನಿಂತು ತಲೆಯೆತ್ತಿ ಬೋರ್ಡನ್ನು ಇನ್ನೊಮ್ಮೆ ಓದಿಕೊಳ್ಳುತ್ತಿದ್ದರು. ಬೋರ್ಡಿನಲ್ಲಿ ‘ಲ್ಯಾಪ್‌ಟಾಪ್ ರಿಪೇರಿ’ ಎಂದೇ ಇತ್ತು.

ಅದು ಅವರ ಅಪ್ಪನ ಟೈಲರ್ ಅಂಗಡಿ. ಅಪ್ಪನಿಗೆ ಕಣ್ಣು ಮಂಜಾದ ಮೇಲೆ ಮಗಳು ಹೊಲಿಗೆ ಮಿಷನ್ನನ್ನು ಮೂಲೆಗೆ ಸರಿಸಿ, ಬಟ್ಟೆ ಕತ್ತರಿಸುವ ಅಗಲದ ಮೇಜನ್ನು ಹಾಗೇ ಉಳಿಸಿಕೊಂಡು ರಿಪೇರಿ ಶುರುಮಾಡಿದರು. ಅದೂ ಎಲ್ಲಿ? ತುಮಕೂರಿನ ಬಸ್ ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ, ನನ್ನ ಅಂಗಡಿಗೆ ಸರಿಯಾಗಿ ಎದುರಿಗೆ. ನನ್ನದೂ ಲ್ಯಾಪ್‌ಟಾಪ್ ರಿಪೇರಿಯೇ. ಆ ರಸ್ತೆಗೆ ಮೊದಲು ಬಂದವನು ನಾನು ಎನ್ನುವುದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ನಾವಿಬ್ಬರೂ ಓದಿದ್ದು ಒಂದೇ ಪಾಲಿಟೆಕ್ನಿಕ್, ಒಂದೇ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಆಕೆ ನನ್ನ ಜೂನಿಯರ್. ಆದರೆ ರಸ್ತೆಯವರೆಲ್ಲ ಆಪಾ, ಅಂದರೆ ಅಕ್ಕ, ಎಂದು ಕರೆಯತೊಡಗಿದ ಮೇಲೆ ಚಿಕ್ಕವರನ್ನು ನಾನೂ ಅಕ್ಕ ಎನ್ನಬೇಕಾಯಿತು. ಅಲ್ಲಿಂದಲೇ ನನ್ನ ಹೊಟ್ಟೆ ಉರಿ ಶುರುವಾಯಿತು ಎಂದರೂ ತಪ್ಪಿಲ್ಲ.

ಆಕೆ ಕೆಲಸ ಮಾಡುವ ರೀತಿಯೇ ಬೇರೆ. ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಮಗುಚಿಟ್ಟು, ಬ್ಲೌಸಿಗೆ ಗುರುತು ಹಾಕುವ ಹಾಗೆ ಅದರ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಆಮೇಲೆ ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಆ ಚಿತ್ರದೊಳಗೆ ಅದರದರ ಜಾಗದಲ್ಲೇ ಇಡುತ್ತಿದ್ದರು. ಜೋಡಿಸುವಾಗ ಒಂದು ಸ್ಕ್ರೂ ಕೂಡ ಮಿಗುತ್ತಿರಲಿಲ್ಲ. ನನ್ನ ಅಂಗಡಿಯಲ್ಲಿ ಮಿಕ್ಕ ಸ್ಕ್ರೂಗಳದೇ ಒಂದು ಡಬ್ಬಿ ಇತ್ತು. ಆಪಾ ಸುಮ್ಮನಿರುವ ಹೆಂಗಸೂ ಅಲ್ಲ. ಗಿರಾಕಿ ಸ್ಕೂಟರ್ ಹತ್ತುತ್ತಿದ್ದ ಹಾಗೆ ರಸ್ತೆಯ ಈ ಕಡೆಗೆ ಕೇಳುವಂತೆ ಕೂಗುವರು: “ಅಣ್ಣಾ, ನಾನ್ ಮುಟ್ಟಿದ್ ಮಿಷನ್ನು ಅದೇ ಕಂಪ್ಲೇಂಟ್ ಇಟ್ಕೊಂಡ್ ವಾಪಸ್ ಬಂದಿದ್ದು ನೋಡಿದೀರಾ?” ನೋಡಿರಲಿಲ್ಲ. ಅದೇ ಸಂಕಟ.

ಎಲ್ಲಕ್ಕಿಂತ ವಿಚಿತ್ರವೆಂದರೆ ಅವರ ಒಂದು ಕಟ್ಟಳೆ. ತಾನೇ ಆಫ್ ಆಗಿ ತಾನೇ ಆನ್ ಆಗುವ ಲ್ಯಾಪ್‌ಟಾಪ್ ತಂದರೆ ಅದನ್ನು ಮುಟ್ಟುತ್ತಲೇ ಇರಲಿಲ್ಲ. “ಇದೊಂದನ್ನೇ ತಂದ್ರೆ ಏನ್ ಮಾಡ್ಲಿ? ಬಾಣಂತಿ ತವರಿಂದ ಬರೋ ಹಂಗೆ ಬರ್ಬೇಕು. ಚಾರ್ಜರು, ಮೌಸು, ಎಕ್ಸ್‌ಟೆನ್ಷನ್ ಬಾಕ್ಸು, ಕೆಳಗೆ ಏನ್ ಹಾಸ್ಕೊತೀರೋ ಅದು, ಎಲ್ಲಾ ತನ್ನಿ,” ಎಂದು ವಾಪಸ್ ಕಳಿಸುವರು. ಗಿರಾಕಿ ಬೈದುಕೊಂಡು ಹೋಗುತ್ತಾನೆ, ನನ್ನ ಕಡೆಗೆ ತಿರುಗುತ್ತಾನೆ ಎಂದು ನಾನು ಕಾಯುತ್ತಿದ್ದೆ. ಆದರೆ ಅವನು ಮಾರನೇ ದಿನ ಆಟೋದಲ್ಲಿ ಸ್ಟೂಲು, ದಿಂಬು, ಕೌದಿ ಸಮೇತ ಬಂದು ಅಲ್ಲೇ ಇಳಿಯುತ್ತಿದ್ದ. ಸಂಸಾರ ಬದಲಾಯಿಸುತ್ತಿರುವವರ ಹಾಗೆ ಕಾಣುತ್ತಿದ್ದ ಜನರನ್ನು ನೋಡಿ ನಾನು ನಗುತ್ತಿದ್ದೆ. ಆ ನಗು ಬಾಯಿಯದು ಮಾತ್ರ, ಒಳಗೆ ಉರಿಯುತ್ತಿತ್ತು.

ಊರ ಹೊರಗಿನ ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಯ ಅಕೌಂಟೆಂಟ್ ಮೊದಲು ನನ್ನ ಗಿರಾಕಿ. ಅವರ ಲ್ಯಾಪ್‌ಟಾಪ್ ದಿನಕ್ಕೆ ಹಲವು ಸಲ ರೀಸ್ಟಾರ್ಟ್ ಆಗುತ್ತಿತ್ತು. ನಾನು ಮೆಮೊರಿ ಬದಲಿಸಿದೆ, ಸಾಫ್ಟ್‌ವೇರ್ ಹೊಸದಾಗಿ ಹಾಕಿದೆ. ಫಲವಿಲ್ಲದೆ ಆತ ರಸ್ತೆ ದಾಟಿದರು. ಆಪಾ ಆತನನ್ನು ಮೇಜಿನ ಮುಂದೆ ಕೂರಿಸಿ, ಟೀ ಕೊಟ್ಟು, “ಆಫೀಸಲ್ಲಿ ಹೆಂಗ್ ಮಾಡ್ತೀರೋ ಹಂಗೇ ಮಾಡಿ ಸಾರ್,” ಎಂದರು. ಅಭ್ಯಾಸದ ಪ್ರಕಾರ ಆತ ಕಾಲನ್ನು ಎಕ್ಸ್‌ಟೆನ್ಷನ್ ಬಾಕ್ಸಿನ ಮೇಲಿಟ್ಟು ಅಲ್ಲಾಡಿಸತೊಡಗಿದರು. ಪ್ಲಗ್ ಅಲ್ಲಾಡಿ, ಬ್ಯಾಟರಿ ಎಂದೋ ಸತ್ತಿದ್ದ ಲ್ಯಾಪ್‌ಟಾಪ್ ಪ್ರಾಣ ಬಿಟ್ಟು ಮತ್ತೆ ಪ್ರಾಣ ಪಡೆಯಿತು. “ಸಾರ್, ಕಾಲ್ ತೆಗೀರಿ,” ಎಂದರಂತೆ ಆಪಾ. ಅಷ್ಟೇ ರಿಪೇರಿ. ಆ ಮನುಷ್ಯ ಈ ಕಥೆಯನ್ನು ಅಂತರಸನಹಳ್ಳಿಯವರೆಗೂ ಹೇಳಿಕೊಂಡು ತಿರುಗಿದ. ಅಲ್ಲಿಂದ ಬೈಕುಗಳು ಬರತೊಡಗಿದವು. ಎಲ್ಲವೂ ನಿಂತದ್ದು ರಸ್ತೆಯ ಆ ಕಡೆಗೆ.

ಇದೆಲ್ಲ ಹೇಗೋ ಸಹಿಸಬಹುದಿತ್ತು. ಸಹಿಸಲಾಗದ್ದು ನನ್ನ ಮನೆಯಲ್ಲೇ ನಡೆಯಿತು.

ನಮ್ಮ ಮನೆ ಗುಬ್ಬಿಯಲ್ಲಿ. ನಾನು ಬೆಳಗಿನ ರೈಲಿಗೆ ತುಮಕೂರಿಗೆ ಬಂದರೆ ಮನೆ ಸೇರುವುದು ಸಂಜೆ ಕಳೆದ ಮೇಲೆ. ನನ್ನ ಹೆಂಡತಿ ಹಗಲು ಮನೆಯಿಂದಲೇ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಗಣಿತದ ಟ್ಯೂಷನ್ ಮಾಡುತ್ತಿದ್ದಳು. ಒಂದು ದೊಡ್ಡ ಟ್ಯೂಷನ್ ಸಂಸ್ಥೆ ಅವಳನ್ನು ಟೀಚರಾಗಿ ತೆಗೆದುಕೊಳ್ಳಲು ಪರೀಕ್ಷಾ ಪಾಠ ಮಾಡಿಸಿತು. ಭಿನ್ನರಾಶಿ ವಿವರಿಸುತ್ತಿರುವಾಗ ಲ್ಯಾಪ್‌ಟಾಪ್ ಕಪ್ಪಾಗಿ, ಮತ್ತೆ ತಾನೇ ಶುರುವಾಯಿತು. ಸಂಸ್ಥೆಯವರು ಒಳ್ಳೆಯವರು, ಇನ್ನೊಂದು ಅವಕಾಶ ಕೊಡುತ್ತೇವೆ, ಅದೇ ಕೊನೆಯದು ಎಂದರು. ಮದುವೆಗೆ ಮುಂಚೆ ಕುಣಿಗಲ್‌ನಲ್ಲಿ ಶಾಲೆಯ ಟೀಚರಾಗಿದ್ದವಳು ಅವಳು. ಗುಬ್ಬಿಗೆ ಬಂದು ಬಿಟ್ಟ ಕೆಲಸ ಮತ್ತೆ ಕೈಗೆ ಬರುವ ಹಾಗಿತ್ತು.

ಲ್ಯಾಪ್‌ಟಾಪನ್ನು ಅಂಗಡಿಗೆ ತಂದೆ. ಫ್ಯಾನಿನ ಧೂಳು ತೆಗೆದೆ, ಪ್ರೊಸೆಸರಿನ ಮೇಲಿನ ಪೇಸ್ಟ್ ಬದಲಿಸಿದೆ, ಮೆಮೊರಿ ಬದಲಿಸಿದೆ. ಇಡೀ ದಿನ ವಿಡಿಯೋ ಓಡಿಸಿದೆ. ಒಂದು ಸಲವೂ ನಿಲ್ಲಲಿಲ್ಲ. ಮನೆಗೆ ಒಯ್ದೆ, ಮಾರನೇ ದಿನವೇ ಪಾಠದ ನಡುವೆ ನಿಂತಿತು. ಮತ್ತೆ ತಂದೆ, ಮತ್ತೆ ಇಲ್ಲಿ ಸರಿಯಾಗಿ ಓಡಿತು. “ಅಂಗಡೀಲಿ ಚೆನ್ನಾಗೇ ಓಡ್ತದಲ್ಲ ಕಣೇ,” ಎಂದೆ. ಅವಳು ತಟ್ಟೆಯನ್ನು ನನ್ನ ಮುಂದೆ ಸ್ವಲ್ಪ ಜೋರಾಗಿಯೇ ಇಟ್ಟಳು.

ಅದಾದ ಮೇಲಿನ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕೂತಿದ್ದೆ. ಎದುರಿಗೆ ಆಟೋ ನಿಂತಿತು. ಮಡಚುವ ಸ್ಟಡಿ ಟೇಬಲ್ ಇಳಿಯಿತು. ದಿಂಬು ಇಳಿಯಿತು. ಯಾರೋ ಇನ್ನೊಬ್ಬ ಬಡಪಾಯಿ ಎಂದುಕೊಳ್ಳುವಷ್ಟರಲ್ಲಿ ನನ್ನ ಹೆಂಡತಿ ಇಳಿದಳು. ನನ್ನ ಕಡೆಗೆ ತಿರುಗಿಯೂ ನೋಡದೆ ಆಪಾ ಅಂಗಡಿಯೊಳಗೆ ಹೋದಳು.

ಆ ಹೊತ್ತು ನನಗಾದದ್ದನ್ನು ಮುಚ್ಚಿಡುವುದಿಲ್ಲ. ಹೆಂಡತಿ ಬೇರೆ ಗಂಡಸಿನ ಜೊತೆ ಸಿನಿಮಾಕ್ಕೆ ಹೋಗಿದ್ದರೂ ಅಷ್ಟು ಉರಿಯುತ್ತಿರಲಿಲ್ಲವೇನೋ. ಕೈಯಲ್ಲಿದ್ದ ಗಿರಾಕಿಯ ಕೀಬೋರ್ಡನ್ನು ಸುಮ್ಮನೆ ಒರೆಸುತ್ತಾ ಎದುರಿಗೇ ನೋಡುತ್ತಾ ಕೂತೆ. ಆಪಾ ಟೀ ತರಿಸಿದರು. ಇವಳು ಕುಡಿದಳು. ಇಬ್ಬರೂ ಏನೋ ಹೇಳಿಕೊಂಡು ನಕ್ಕರು. ನನ್ನ ಹೆಂಡತಿ ಅಷ್ಟು ಬಾಯ್ತುಂಬಾ ನಕ್ಕದ್ದನ್ನು ಆ ತಿಂಗಳಲ್ಲಿ ನಾನು ನೋಡಿರಲಿಲ್ಲ. ಆಮೇಲೆ ಟೇಬಲ್ ಬಿಡಿಸಿ, ಲ್ಯಾಪ್‌ಟಾಪ್ ಇಟ್ಟು, ಖಾಲಿ ಗೋಡೆಗೆ ಪಾಠ ಮಾಡತೊಡಗಿದಳು. ಆಪಾ ಗಲ್ಲಕ್ಕೆ ಕೈಕೊಟ್ಟು ವಿದ್ಯಾರ್ಥಿಯ ಹಾಗೆ ಕೇಳುತ್ತಾ ಕೂತಿದ್ದರು. ತುಂಬಾ ಹೊತ್ತಾದ ಮೇಲೆ ಇಬ್ಬರೂ ಒಟ್ಟಿಗೆ “ಹಾಂ” ಎಂದದ್ದು ನನಗೂ ಕೇಳಿಸಿತು. ಆಪಾ ಕತ್ತಿನ ಟೇಪು ತೆಗೆದು ಏನನ್ನೋ ಅಳೆದರು, ಕತ್ತರಿ ಎತ್ತಿಕೊಂಡರು. ಸ್ವಲ್ಪ ಹೊತ್ತಿಗೆ ಮೂಲೆಯ ಹೊಲಿಗೆ ಮಿಷನ್ ಓಡಿದ ಸದ್ದು. ಲ್ಯಾಪ್‌ಟಾಪ್ ರಿಪೇರಿಗೆ ಹೊಲಿಗೆ ಮಿಷನ್ ಯಾಕೆ ಎಂದು ನನಗೆ ತಲೆಬುಡ ತಿಳಿಯಲಿಲ್ಲ.

ಹೆಂಡತಿ ರಸ್ತೆ ದಾಟಿ ಬಂದು ಅದನ್ನು ನನ್ನ ಮುಂದೆ ಇಟ್ಟಳು. ಲ್ಯಾಪ್‌ಟಾಪಿಗೆ ಮೆರೂನ್ ವೆಲ್ವೆಟ್ಟಿನ ಅಂಗಿ.

ಅದು ನಮ್ಮಮ್ಮ ಹೊಲಿದದ್ದು. ನಮ್ಮ ಮನೆಯಲ್ಲಿ ಬರಿ ಮೈಯಲ್ಲಿ ಯಾವ ಸಾಮಾನೂ ಇರುವ ಹಾಗಿಲ್ಲ. ಫ್ರಿಜ್ಜಿಗೆ ಹೊದಿಕೆ, ಮಿಕ್ಸಿಗೆ ಫ್ರಾಕು, ಗ್ಯಾಸ್ ಸಿಲಿಂಡರಿಗೂ ನೆರಿಗೆಯ ಲಂಗ. ಯಡಿಯೂರಿಗೆ ಪೂಜೆಗೆ ಹೋಗಿ ಬರುವಾಗ ಕುಣಿಗಲ್‌ನಲ್ಲಿ ಇಳಿದು ವೆಲ್ವೆಟ್ ತುಂಡು ತಂದು, ಸೊಸೆಯ ಲ್ಯಾಪ್‌ಟಾಪಿಗೆ ಅಂಚಿಗೆಲ್ಲ ಲೇಸ್ ಇಟ್ಟು ಹೊಲಿದಿದ್ದರು. ಪರದೆ ಮತ್ತು ಕೀಗಳು ಮಾತ್ರ ಹೊರಗೆ. ಕೆಳಗೆ, ಪಕ್ಕಕ್ಕೆ, ಗಾಳಿ ಹೋಗುವ ಸಂದಿಗೆಲ್ಲ ವೆಲ್ವೆಟ್ ಬಿಗಿಯಾಗಿ ಕೂತಿತ್ತು. ಪಾಠ ನಡೆಯುವಾಗಲೂ ಅದನ್ನು ತೆಗೆಯುತ್ತಿರಲಿಲ್ಲ ಎನ್ನುವುದು ನನಗೆ ಗೊತ್ತಿರಲಿಲ್ಲ. ಸಂಜೆ ನಾನು ನೋಡುವಾಗ ಎತ್ತಿಡಲು ತೊಡಿಸಿದ್ದಾರೆ ಎಂದುಕೊಳ್ಳುತ್ತಿದ್ದೆ. ನಾನು ಅಂಗಡಿಗೆ ಒಯ್ಯುವ ದಿನ ಅಮ್ಮನೇ ಅಂಗಿ ಬಿಚ್ಚಿ ಕೊಡುತ್ತಿದ್ದರು: “ನಿನ್ ಅಂಗಡಿ ಧೂಳಲ್ಲಿ ವೆಲ್ವೆಟ್ ಹಾಳಾಯ್ತದೆ ಕಣ್ಲಾ.” ಅಂದರೆ ಜ್ವರ ಮನೆಯಲ್ಲೇ ಉಳಿಯುತ್ತಿತ್ತು, ರೋಗಿ ಮಾತ್ರ ನನ್ನ ಹತ್ತಿರ ಬರುತ್ತಿದ್ದ.

ಈಗ ಆ ಅಂಗಿಗೆ ಕಿಟಕಿಗಳಿದ್ದವು. ಫ್ಯಾನ್ ಇರುವ ಕಡೆ, ಬಿಸಿಗಾಳಿ ಹೊರಬರುವ ಕಡೆ ಅಳತೆಗೆ ಸರಿಯಾಗಿ ಕತ್ತರಿಸಿ, ಅಮ್ಮ ಹಾಕಿದ್ದಂಥದೇ ಲೇಸಿನಲ್ಲಿ ಅಂಚು ಕಟ್ಟಿದ್ದರು. ಮೊದಲಿಂದಲೂ ಹಾಗೇ ಇತ್ತೇನೋ ಎನ್ನುವಂತಿತ್ತು.

“ಕವರೇ ತೆಗೆದುಬಿಟ್ಟಿದ್ರೆ ಆಗ್ತಿತ್ತಲ್ಲ,” ಎಂದೆ.

“ಅತ್ತೆಗೆ ಯಾರ್ ಹೇಳೋರು? ನೀವ್ ಹೇಳ್ತೀರಾ?” ಎಂದಳು. ನಾನು ಲೇಸಿನ ಅಂಚನ್ನು ಬೆರಳಿಂದ ಸವರಿದೆ. “ಆಪಾನೇ ಅಂದ್ರು, ‘ಹೊಲಿದವ್ರಿಗೆ ನೋವಾಗಬಾರ್ದು, ಡಿಸೈನ್ ಚೆನ್ನಾಗಿತ್ತು, ಟೈಲರ್ ಮಗಳು ಇನ್ನೂ ಸಿಂಗಾರ ಮಾಡಿ ಕೊಟ್ಲು ಅಂತ ನಿಮ್ಮತ್ತೆಗೆ ಹೇಳು’ ಅಂತ.”

“ನನ್ನನ್ನ ಬಿಟ್ಟು ಅಲ್ಲಿಗ್ಯಾಕ್ ಹೋದೆ?”

“ನಿಮ್ಮತ್ರ ಬಂದ್ರೆ ಲ್ಯಾಪ್‌ಟಾಪ್ ಸರಿಯಾಗಿದೆ ಅಂತೀರಿ. ನಾನೇ ಸುಳ್ಳು ಹೇಳ್ತಿದೀನಿ ಅನ್ನೋ ಹಂಗೆ.”

ಅವಳು ಬಸ್ಸಿಗೆ ಹೋದ ಮೇಲೆ ತಡೆಯಲಾಗದೆ ರಸ್ತೆ ದಾಟಿದೆ. “ಹೆಂಗ್ ಗೊತ್ತಾಯ್ತು ಆಪಾ?” ಎಂದು ಕೇಳಿದೆ. ಆಕೆ ಮೇಜಿನ ಮೇಲಿನ ಗೆರೆ ಅಳಿಸುತ್ತಿದ್ದರು. “ಗೊತ್ತಾಗಕ್ಕೆ ಏನೈತಣ್ಣಾ? ನೀವು ಮಿಷನ್ನ ಕೂರಿಸ್ಕೊಂಡ್ ನೋಡ್ತೀರಿ. ನಾನು ಮನುಷ್ಯರನ್ನ ಕೂರಿಸ್ಕೊಂಡ್ ನೋಡ್ತೀನಿ. ಈ ವಿಷಯದಲ್ಲಿ ಈ ಊರಲ್ಲಿ ನನ್ನ ಮೀರಿಸೋರು ಯಾರೂ ಇಲ್ಲ ಬಿಡಿ,” ಎಂದು ಜಂಬದಿಂದಲೇ ಹೇಳಿ, “ಕೂತ್ಕೊಳ್ಳಿ, ಶುಂಠಿ ಟೀ ಹೇಳ್ತೀನಿ. ಹೊಟ್ಟೆ ಉರಿಗೆ ಒಳ್ಳೇದು,” ಎಂದರು. ನನ್ನ ಮುಖ ನೋಡಿ ಜೋರಾಗಿ ನಕ್ಕರು. ಇಷ್ಟು ವರ್ಷ ನಾನು ಬಚ್ಚಿಟ್ಟುಕೊಂಡಿದ್ದು ಅವರಿಗೆ ಮೊದಲಿಂದಲೂ ಗೊತ್ತಿತ್ತು. ಟೀ ಚೆನ್ನಾಗಿತ್ತು. ಅದಕ್ಕೂ ಸಿಟ್ಟು ಬಂತು.

ಕೊನೆಯ ಪರೀಕ್ಷಾ ಪಾಠ ಎಲ್ಲೂ ನಿಲ್ಲದೆ ಮುಗಿಯಿತು. ಕೆಲಸ ಸಿಕ್ಕಿತು. ಹೆಂಡತಿ ಸುದ್ದಿ ಹೇಳಲು ಫೋನ್ ಮಾಡಿದಾಗ ಎದುರಂಗಡಿಯಲ್ಲಿ ಆಪಾ ಆಗಲೇ ಅಕ್ಕಪಕ್ಕದವರಿಗೆ ಮೈಸೂರು ಪಾಕ್ ಹಂಚುತ್ತಿದ್ದರು. ಅಂದರೆ ಫೋನ್ ಮೊದಲು ಅಲ್ಲಿಗೆ ಹೋಗಿತ್ತು. ಮನೆಗೆ ಹೋದರೆ ಅಮ್ಮನ ವರಾತ ಬೇರೆ: “ಆ ಮಗೀನ ಕೈ ಎಷ್ಟ್ ನೀಟು ನೋಡ್ಲಾ. ಲೇಸ್ ಎಂಗ್ ಕೂರ್ಸವ್ಳೆ! ನೀನೂ ಅವಳ ತಾವ ಒಸಿ ಕಲ್ತ್ಕೋಬಾರ್ದಾ?” ಹೆಂಡತಿ ಆಗಲೇ ಆಪಾ ಪಕ್ಷ ಸೇರಿದ್ದಳು, ಈಗ ತಾಯಿಯೂ ಆ ಕಡೆಗೇ ಹೋದರು.

ಹೋದ ವರ್ಷ ಎದೆನೋವು ಎಂದು ಆಸ್ಪತ್ರೆಗೆ ಸೇರಿದ ಆಪಾ ಮನೆಗೆ ಮರಳಲಿಲ್ಲ. ಸಾಯುವ ವಯಸ್ಸಲ್ಲ. ಸುದ್ದಿ ತಿಳಿದು ಅವರ ಮನೆಯ ಓಣಿಗೆ ಹೋದರೆ ಒಳಗೆ ಕಾಲಿಡಲು ಜಾಗವಿಲ್ಲ. ಕಾರ್ಖಾನೆಗಳಿಂದ ಡ್ಯೂಟಿ ಬಿಟ್ಟು ಬಂದವರು, ಕಾಲೇಜಿನ ಹುಡುಗಿಯರು, ಸತ್ಯಮಂಗಲದ ಆ ಅಕೌಂಟೆಂಟ್. ಹೆಗಲಲ್ಲಿ ಲ್ಯಾಪ್‌ಟಾಪ್ ಬ್ಯಾಗು ಹಾಕಿಕೊಂಡೇ ನಿಂತು ಅಳುತ್ತಿದ್ದವರನ್ನು ನಾನು ಮೊದಲ ಸಲ ನೋಡಿದೆ. ನಾನು ಸತ್ತರೆ ಇಷ್ಟು ಜನ ಬರುತ್ತಾರಾ ಎಂಬ ಯೋಚನೆ ಅಲ್ಲಿಯೂ ಬಂತು. ಚಪ್ಪಲಿ ಕಳಚಿ, ಜನರ ನಡುವೆ ದಾರಿ ಮಾಡಿಕೊಂಡು ಒಳಗೆ ಹೋದೆ. ಹೆಂಡತಿ ಗೋಡೆಗೊರಗಿ ಕೂತು ಆಪಾ ಅವರ ಅಪ್ಪನ ಕೈ ಹಿಡಿದುಕೊಂಡಿದ್ದಳು. ಅವಳು ಆ ಮನೆಗೆ ಎಷ್ಟು ಸಲ ಹೋಗಿ ಬಂದಿದ್ದಳೋ ನನಗೆ ಗೊತ್ತಿರಲಿಲ್ಲ.

ಎದುರಿನ ಶಟರ್ ಈಗ ಮುಚ್ಚಿದೆ. ಗಿರಾಕಿಗಳೆಲ್ಲ ನನ್ನ ಹತ್ತಿರವೇ ಬರುತ್ತಾರೆ. ಇಷ್ಟು ದಿನ ಬಯಸಿದ್ದು ಇದನ್ನೇ. ಆದರೆ ಬರುವವರು ಸುಮ್ಮನೆ ಬರುವುದಿಲ್ಲ, ಆಕೆ ಕಲಿಸಿದ ಹಾಗೆ ದಿಂಬು ಸ್ಟೂಲು ಹೊತ್ತುಕೊಂಡು ಬರುತ್ತಾರೆ. ಇಟ್ಟುಕೊಳ್ಳಲು ನನ್ನ ಅಂಗಡಿಯಲ್ಲಿ ಜಾಗ ಸಾಲದೆ ಅಗಲದ ಮೇಜು ಮಾಡಿಸಿದೆ. ಟೈಲರಿಂಗ್ ಸಾಮಾನಿನ ಅಂಗಡಿಯಿಂದ ಸೀಮೆಸುಣ್ಣ ತಂದೆ. ಮಿಕ್ಕ ಸ್ಕ್ರೂಗಳ ಡಬ್ಬಿ ಹಳೆಯದೇ ಇದೆ, ಅದಕ್ಕೆ ಹೊಸದು ಸೇರುತ್ತಿಲ್ಲ.

ಮೊನ್ನೆ ಹೆಂಡತಿ ಬಂದಳು. ಹೊಸ ಲ್ಯಾಪ್‌ಟಾಪ್, ಆಗಾಗ ರೀಸ್ಟಾರ್ಟ್ ಆಗುತ್ತಿದೆಯಂತೆ. ಅದಕ್ಕೂ ಅಮ್ಮನ ಅಂಗಿ ಇತ್ತು, ಈ ಸಲ ಅಮ್ಮನೇ ಕಿಟಕಿ ಇಟ್ಟು ಹೊಲಿದಿದ್ದರು. ಟೇಬಲ್, ಚಾರ್ಜರ್, ದಿಂಬು ಎಲ್ಲವನ್ನೂ ಗುಬ್ಬಿಯಿಂದ ಹೊತ್ತು ತಂದು ನನ್ನ ಅಂಗಡಿಯಲ್ಲಿ ಇಳಿಸಿದಳು. ಬೇರೆಲ್ಲೂ ಹೋಗಲಿಲ್ಲ, ನನ್ನ ಹತ್ತಿರವೇ ಬಂದಳು. ನನಗೆ ಹೇಳಲಾರದಷ್ಟು ಸಂತೋಷ. ಲ್ಯಾಪ್‌ಟಾಪ್ ಮಗುಚಿ ಸ್ಕ್ರೂಡ್ರೈವರ್ ಎತ್ತಿಕೊಂಡೆ. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಎದುರಿನ ಶಟರ್ ಕಡೆಗೊಮ್ಮೆ ನೋಡಿದೆ. ಸ್ಕ್ರೂಡ್ರೈವರ್ ಕೆಳಗಿಟ್ಟು, ಶುಂಠಿ ಹಾಕಿದ ಟೀ ಹೇಳಿಕಳಿಸಿ, ಅವಳ ಮುಂದೆ ಕುರ್ಚಿ ಎಳೆದುಕೊಂಡು ಕೂತೆ.

“ಮನೇಲಿ ಹೆಂಗ್ ಮಾಡ್ತೀಯೋ ಹಂಗೇ ಮಾಡು. ನಾನ್ ನೋಡ್ತೀನಿ,” ಎಂದೆ.

ಅವಳ ಮುಖ ಅರಳಿತು. ಎಷ್ಟೋ ವರ್ಷಗಳ ಮೇಲೆ ನನ್ನ ಕೆಲಸ ನೋಡಿ ಅರಳಿದ ಮುಖ. ನೀಲಿ ಹತ್ತಿದ ನನ್ನ ಬೆರಳನ್ನು ಹಿಡಿದು, “ಈಗ ಸರಿಯಾಗಿ ಕೇಳಿದ್ರಿ ನೋಡಿ,” ಎಂದಳು. ಅವಳ ಕಣ್ಣು ಮಾತ್ರ ನನ್ನ ಹೆಗಲು ದಾಟಿ ರಸ್ತೆಯ ಆ ಕಡೆಗಿತ್ತು. ಇಷ್ಟು ಕಾಲ ಕಾದು ಪಡೆದ ಆ ಮೆಚ್ಚುಗೆಯೂ ನನ್ನದಲ್ಲ, ಎದುರಂಗಡಿಯವರದೇ.