ಒಂದೇ ಸಲ ಕೇಳುವ ಊರು

ನರ್ಸ್ ಕೆಲಸಕ್ಕೆಂದು ಇಂಗ್ಲೆಂಡಿನ ಲೀಡ್ಸ್‌ಗೆ ಬಂದಿಳಿದ ದಿನ ನಾನು ಹಸಿದುಕೊಂಡೇ ಮಲಗಿದೆ. ಮನೆಯೊಡತಿ ಜೂಲಿ ಬಿಸಿ ಸೂಪಿನ ಪಾತ್ರೆ ತೋರಿಸಿ, "ವುಡ್ ಯು ಲೈಕ್ ಸಮ್?" ಎಂದಿದ್ದಳು. ನಾನು "ನೋ, ಥ್ಯಾಂಕ್ ಯು" ಎಂದೆ. ಅವಳು ನಕ್ಕು, ಪಾತ್ರೆಯನ್ನು ಫ್ರಿಜ್ಜಿಗಿಟ್ಟು ಮಹಡಿ ಹತ್ತಿ ಹೋದಳು. ಎರಡನೇ ಸಲ ಕೇಳುತ್ತಾಳೆಂದು ನಾನು ಖಾಲಿ ಮೇಜಿನ ಮುಂದೆ ಕಾಯುತ್ತ ಕೂತಿದ್ದೆ.

ನಮ್ಮ ಖಾನಾಪುರದಲ್ಲಿ ಮೊದಲ 'ಬ್ಯಾಡ'ಕ್ಕೆ ಯಾರೂ ಕಿವಿಗೊಡುವುದಿಲ್ಲ. ತಾಯಿಯಿಲ್ಲದ ನನ್ನನ್ನು ಬೆಳೆಸಿದ ಚಿಕ್ಕಮ್ಮ, ಅಂದರೆ ನಮ್ಮ ಕಾಕು, "ಸುಮ್ನ ಉಣ್ಣ, ಗುಬ್ಬಿ ಉಂಡಂಗ ಉಂಡ್ರ ಹೆಂಗ?" ಎಂದು ಅಡ್ಡ ಹಿಡಿದ ಕೈಯ ಸಂದಿಯಲ್ಲೇ ರೊಟ್ಟಿ ತೂರಿಸುವವಳು. ಬೇಡ ಅನ್ನುವುದು ನನ್ನ ಮರ್ಯಾದೆ, ಹಾಕುವುದು ಅವಳ ಅಕ್ಕರೆ. ಬೆಳಗಾವಿಯಲ್ಲಿ ನರ್ಸಿಂಗ್ ಓದುವಾಗ ಇಂಗ್ಲಿಷ್ ಕ್ಲಾಸಿಗೂ ಹೋಗಿ ಈ ವಾಕ್ಯಗಳನ್ನೆಲ್ಲ ಬಾಯಿಪಾಠ ಮಾಡಿದ್ದೆ. ಆದರೆ 'ನೋ' ಅಂದರೆ ಮಾತು ಅಲ್ಲಿಗೇ ಮುಗಿಯಿತು ಎಂದು ಯಾರೂ ಹೇಳಿರಲಿಲ್ಲ.

ಮರುದಿನ ವಿಷಯ ತಿಳಿದು ಜೂಲಿ ಪೇಚಾಡಿಕೊಂಡಳು. "ಯು ಶುಡ್ ಹ್ಯಾವ್ ಸೆಡ್, ಲವ್!" ಹೇಳಬಾರದಿತ್ತೇ ಅಂತ. ಆ 'ಲವ್' ಅಲ್ಲಿನವರು ಬಸ್ಸಿನಲ್ಲಿ, ಅಂಗಡಿಯಲ್ಲಿ ಯಾರಿಗೆ ಬೇಕಾದರೂ ಅನ್ನುವ ಮಾತು, ನಮ್ಮ 'ಯವ್ವಾ' ಇದ್ದ ಹಾಗೆ. ಜೂಲಿ ಒಳ್ಳೆಯವಳು. ನಿಧಾನಕ್ಕೆ ನಾನೂ 'ಯೆಸ್, ಪ್ಲೀಸ್' ಅನ್ನಲು ಕಲಿತೆ. ಮೊದಮೊದಲು ಹಾಗನ್ನುವಾಗ ಭಿಕ್ಷೆ ಬೇಡಿದಂತೆ ನಾಚಿಕೆಯಾಗುತ್ತಿತ್ತು. ವಾರ್ಡಿನ ಅಜ್ಜಿಯರು 'ನೋ' ಅಂದರೆ ಮರುಮಾತಿಲ್ಲದೆ ತಟ್ಟೆ ಎತ್ತುವುದನ್ನೂ ಕಲಿತೆ. ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ಕಾಕು ಬಿದ್ದು ಬಿದ್ದು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಫೋನಿಟ್ಟ ಮೇಲೆ ಅಳು ಬರುತ್ತಿತ್ತು.

ಈ ಸಲ ರಜೆಗೆ ಬಂದಾಗ ಬೆಳಗಾವಿಯಿಂದ ಬಸ್ಸು ಹತ್ತಿದಾಗಿನಿಂದ ನನಗೆ ಅದೊಂದೇ ಧ್ಯಾನ: ಕಾಕು ಒತ್ತಾಯ ಮಾಡಿ ಬಡಿಸಬೇಕು. ಬಿಸಿ ರೊಟ್ಟಿ, ಕಡಲೆಹಿಟ್ಟಿನ ಝುಣಕಾ ಮಾಡಿದ್ದಳು.

"ಇನ್ನೊಂದ ಹಾಕ್ಲೇನು?"

"ಬ್ಯಾಡ ಕಾಕು," ಎಂದು ತಟ್ಟೆಗೆ ಕೈ ಅಡ್ಡ ಹಿಡಿದೆ.

ಅವಳು ರೊಟ್ಟಿಯನ್ನು ಬುಟ್ಟಿಯಲ್ಲಿಟ್ಟು ಬಟ್ಟೆ ಮುಚ್ಚಿದಳು. "ನೀನ ಹೇಳಿದ್ದಿಯಲ್ಲಾ, ಅಲ್ಲಿ ಬ್ಯಾಡಂದ್ರ ಬ್ಯಾಡನ ಅಂತ? ನಾನೂ ಕಲ್ತೇನಿ ನೋಡ. ಇನ್ನ ನಿನಗ ಜುಲ್ಮಿ ಮಾಡಿ ಬಡಸಂಗಿಲ್ಲ." ಅವಳ ಮುಖದಲ್ಲಿ ಹೆಮ್ಮೆಯಿತ್ತು.

ಹಾಕು ಅಂದಿದ್ದರೆ ಹಾಕುತ್ತಿದ್ದಳು. ಲೀಡ್ಸ್‌ನಲ್ಲಿ 'ಯೆಸ್, ಪ್ಲೀಸ್' ಎಂದು ಸಲೀಸಾಗಿ ಆಡುವ ಆ ಮಾತು ಕಾಕುವಿನ ಎದುರು ಬಾಯಿಂದ ಹೊರಡಲಿಲ್ಲ. ಅವಳು ಇನ್ನೊಂದು ಸಲ ಕೇಳಲಿ ಎಂದು, ಅಡ್ಡ ಹಿಡಿದ ಕೈಯನ್ನು ಹಾಗೇ ಹಿಡಿದುಕೊಂಡು ಕೂತಿದ್ದೆ.